ಬಿಸ್ಕತ್ತು ಬಣ್ಣದ ಕಾರಿನ ಹಿಂದೆ

ಶೆಡ್ಡಿನ ಕಸ ಗುಡಿಸುವುದು ಅತ್ತೆಯ ಕೆಲಸ. ಯಾರೂ ಅವರಿಗೆ ಒಪ್ಪಿಸಿದ್ದಲ್ಲ, ತಾವೇ ವಹಿಸಿಕೊಂಡದ್ದು. "ನೀವಿಬ್ಬರು ಗುಡಿಸಿದ್ರೆ ಕಸ ಹೋಗಲ್ಲ, ಜಾಗ ಬದಲಾಯಿಸುತ್ತೆ ಅಷ್ಟೆ" ಎಂದು ಮಗನಿಗೂ ಸೊಸೆಗೂ ಒಟ್ಟಿಗೆ ಹೇಳಿ, ದಿನಾ ಬೆಳಿಗ್ಗೆ ಪೊರಕೆ ಹಿಡಿದು ಹಿತ್ತಿಲ ಬಾಗಿಲಿನಿಂದ ನೇರವಾಗಿ ಶೆಡ್ಡಿಗೆ ಇಳಿಯುತ್ತಿದ್ದರು. ಗುಡಿಸುವಾಗ ಸಿಕ್ಕಿದ ನಟ್ಟು, ವಾಷರು, ಸ್ಕ್ರೂಗಳನ್ನು ಹಾಲಿನ ಪುಡಿಯ ಹಳೆಯ ಡಬ್ಬವೊಂದರಲ್ಲಿ ಹಾಕಿಡುತ್ತಿದ್ದರು. "ಇಷ್ಟೆಲ್ಲ ಉಳಿಸ್ತೀರಲ್ಲ, ಇನ್ನು ಸ್ವಲ್ಪ ದಿನಕ್ಕೆ ಒಂದು ಪೂರ್ತಿ ಕಾರೇ ಆಗುತ್ತೆ" ಎನ್ನುವುದು ಅವರ ಮಾಮೂಲಿ ತಮಾಷೆ.

ಆ ದಿನ ಅವರು ಗುಡಿಸುವುದನ್ನು ಅರ್ಧಕ್ಕೆ ನಿಲ್ಲಿಸಿ ಸೊಸೆಯ ಮುಂದೆ ಅಂಗೈ ಚಾಚಿದರು.

"ಇದು ಯಾವ ಕುದುರೆಮರಿಯ ಲಾಳವೇ?"

ಸೊಸೆ ಒಂದು ಕಾರಿನ ಬಾಗಿಲನ್ನು ಬೆಂಚಿನ ಮೇಲೆ ಮಲಗಿಸಿಕೊಂಡು, ಒಳಗಿನಿಂದ ಕಬ್ಬಿಣದ ಗುಂಡನ್ನು ಆನಿಸಿ ಹೊರಗಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಿದ್ದಳು. ಕಾರುಗಳ ಡೆಂಟ್ ತೆಗೆಯುವುದು ಅವಳ ಕಸುಬು, ಅಪ್ಪನಿಂದ ಬಂದದ್ದು. ಬಡಾವಣೆಯವರೆಲ್ಲ ಅವಳನ್ನು ಡೆಂಟಕ್ಕ ಎನ್ನುತ್ತಿದ್ದರು. ಅವಳು ನೆಟ್ಟಗೆ ಮಾಡಿಕೊಟ್ಟ ತಗಡಿಗೆ ಬಣ್ಣ ಹೊಡೆಯುವವನು ಅವಳ ಗಂಡ. ಅತ್ತೆಯ ಅಂಗೈಯಲ್ಲಿದ್ದದ್ದನ್ನು ನೋಡಿದ ಕೂಡಲೇ ಅವಳ ಸುತ್ತಿಗೆ ನಿಂತಿತು. ಹೆಬ್ಬೆರಳಿನಷ್ಟು ಅಗಲದ, ಲಾಳದ ಹಾಗೆ ಬಾಗಿದ, ಗಟ್ಟಿ ಸ್ಪ್ರಿಂಗ್ ತಗಡಿನ ಕ್ಲಿಪ್ಪು.

"ಎಲ್ಲಿ ಸಿಕ್ತು ಅತ್ತೆ?"

"ಆ ಮೂಲೇಲಿ. ನೀನು ಕೂರೋ ಸ್ಟೂಲಿನ ಕೆಳಗೆ."

ಆ ಮೂಲೆಯಲ್ಲಿ ನಿನ್ನೆ ಸಂಜೆಯವರೆಗೆ ನಿಂತಿದ್ದದ್ದು ಒಂದೇ ಕಾರು. ಪೇಟೆ ಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟವರ ಬಿಸ್ಕತ್ತು ಬಣ್ಣದ ಕಾರು. ಗೇಟಿನ ಕಂಬಕ್ಕೆ ಗುದ್ದಿ ಮುಂದಿನ ಬಲಮೂಲೆ ಒಳಗೆ ಹೋಗಿತ್ತು. ಮಡ್‌ಗಾರ್ಡು ಬದಲಾಯಿಸಿ, ಅದರ ಹಿಂದಿನ ಒಳತಗಡನ್ನು ಎಳೆದು ಬೆಸುಗೆ ಹಾಕಬೇಕಾಗಿತ್ತು. ಬೆಸುಗೆಯ ಬಿಸಿ ತಾಗಬಾರದೆಂದು ಅವಳೇ ಆ ಚಕ್ರದ ಬ್ರೇಕ್ ಹೋಸನ್ನು ಬಿಚ್ಚಿ ಪಕ್ಕಕ್ಕೆ ಇಟ್ಟಿದ್ದಳು. ಬ್ರೇಕಿನ ಎಣ್ಣೆ ಹರಿಯುವ ಆ ರಬ್ಬರ್ ಕೊಳವೆ ಚಕ್ರದ ಹಿಂದೆಯೇ ಇರುತ್ತದೆ. ಚಕ್ರ ತಿರುಗಿದಾಗ ಅದು ಅತ್ತಿತ್ತ ಹೋಗಿ ಟೈರಿಗೆ ತಾಗದಂತೆ ಅದನ್ನು ಕಾರಿನ ಮೈಗೆ ಕಚ್ಚಿ ಹಿಡಿಯುವುದೇ ಈ ಕ್ಲಿಪ್ಪು. ಈ ವಾರ ಶೆಡ್ಡಿನಲ್ಲಿ ಬ್ರೇಕ್ ಹೋಸ್ ಬಿಚ್ಚಿದ್ದು ಆ ಒಂದೇ ಕಾರಿಗೆ.

ಡೆಂಟಕ್ಕ ಸುತ್ತಿಗೆ ಕೆಳಗಿಟ್ಟು ಕ್ಲಿಪ್ಪನ್ನು ಎತ್ತಿಕೊಂಡಳು.

ಇಲ್ಲ, ಹಾಕಿದ್ದೇನೆ, ಎಂದುಕೊಂಡಳು. ಕಣ್ಣು ಮುಚ್ಚಿದರೆ ತನ್ನ ಕೈ ಕ್ಲಿಪ್ಪನ್ನು ಅದರ ತೋಡಿನೊಳಗೆ ಕೂರಿಸಿ ಸುತ್ತಿಗೆಯ ಹಿಡಿಯಲ್ಲಿ ಟಕ್ಕನೆ ತಟ್ಟಿದ್ದು ಕಾಣುತ್ತಿತ್ತು. ಆದರೆ ಅದು ಈ ಕಾರಿನದೋ, ಹಿಂದೆ ಮಾಡಿದ ಬೇರೆ ಯಾವುದೋ ಕಾರಿನದೋ? ಕೈ ಎಷ್ಟೋ ವರ್ಷದಿಂದ ಮಾಡಿದ ಕೆಲಸ. ಒಂದರ ನೆನಪನ್ನು ಇನ್ನೊಂದರಿಂದ ಬಿಡಿಸುವುದು ಹೇಗೆ? ಆಮೇಲೆ ಇನ್ನೊಂದು ನೆನಪಾಯಿತು. ಹೋಸಿನ ನಟ್ಟು ಬಿಗಿ ಮಾಡಿ ಕ್ಲಿಪ್ಪಿಗೆ ಕೈ ಹಾಕುವ ಹೊತ್ತಿಗೆ ಬಣ್ಣದ ಕೋಣೆಯಲ್ಲಿ ಗಾಳಿಯಂತ್ರದ ಕೊಳವೆ ಕಿತ್ತುಕೊಂಡು ಹಾವಿನ ಹಾಗೆ ಹೊಡೆದಾಡಿ, ಗಂಡನ ಕಿವಿಗೆ ಬಡಿದು ರಕ್ತ ಬಂದಿತ್ತು. ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಓಡಿದ್ದಳು. ವಾಪಸು ಬಂದ ಮೇಲೆ ಬ್ರೇಕಿನ ಎಣ್ಣೆಯಲ್ಲಿ ಸೇರಿದ್ದ ಗಾಳಿ ತೆಗೆದದ್ದು ನೆನಪಿದೆ, ಪೆಡಲು ಕಲ್ಲಿನ ಹಾಗೆ ಗಟ್ಟಿ ನಿಂತದ್ದು ನೆನಪಿದೆ, ಚಕ್ರ ಹಾಕಿದ್ದು ನೆನಪಿದೆ. ನಡುವಿನದ್ದು ಇಲ್ಲ.

ಅವಳು ಬಣ್ಣದ ಕೋಣೆಗೆ ಹೋದಳು. ಗಂಡ ಮೂತಿಗೆ ಮುಖವಾಡ ಕಟ್ಟಿಕೊಂಡು ಬಣ್ಣ ಕಲಸುತ್ತಿದ್ದ.

"ರೀ, ಕನ್ನಡಕದವರ ಕಾರು ಈಗ ಎಲ್ಲಿರುತ್ತೆ?"

"ರಸ್ತೆ ಮೇಲೆ. ಇನ್ನೆಲ್ಲಿ?" ಎಂದು ನಕ್ಕು, ಅವಳ ಮುಖ ನೋಡಿದ ಮೇಲೆ ಮುಖವಾಡ ಕೆಳಗಿಳಿಸಿದ. ಅವಳು ಕ್ಲಿಪ್ಪು ತೋರಿಸಿದಳು. ಅವನಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ.

"ಇವತ್ತು ಬೆಳಿಗ್ಗೇನೇ ಹೊರಡ್ತೀವಿ ಅಂದಿದ್ರು" ಎಂದ ಅವನು ನಿಧಾನವಾಗಿ. "ಬೆಟ್ಟದ ಆಚೆಗೆ. ಅದಕ್ಕೇ ಅಲ್ವಾ ನಾನು ನಿನ್ನ ಬೆನ್ನು ಬಿದ್ದು ಬೇಗ ಮುಗಿಸು ಅಂದಿದ್ದು."

ಕನ್ನಡಕದವರ ನಂಬರಿಗೆ ಫೋನು ಮಾಡಿದರು. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು. ಮತ್ತೆ ಮಾಡಿದರು. ಅದೇ ಮಾತು. ಅಂಗಡಿಯ ನಂಬರು ಸುಮ್ಮನೆ ಬಾರಿಸುತ್ತಲೇ ಇತ್ತು. ಅವರ ಅಂಗಡಿಯ ಪಕ್ಕದಲ್ಲಿ ಬೀಗದ ಕೈ ಮಾಡುವವನ ಪರಿಚಯ ಇತ್ತು. ಅವನಿಗೆ ಮಾಡಿದಾಗ, "ಅವರಾ? ಹೆಂಡ್ತಿ, ಮಗಳು, ಅತ್ತೆ ಎಲ್ಲರನ್ನೂ ಹತ್ತಿಸಿಕೊಂಡು ಆಗಲೇ ಹೊರಟ್ರು. ಬೆಟ್ಟ ದಾಟಿ ಅವರ ಅತ್ತೆಯ ತಮ್ಮನ ಊರಿಗೆ. ಯಾಕೆ, ಬಣ್ಣ ಒಣಗಿಲ್ವಾ?" ಎಂದು ಗಹಗಹಿಸಿದ.

ಬೆಟ್ಟದ ರಸ್ತೆ ಅವಳಿಗೆ ಗೊತ್ತಿತ್ತು. ಈ ಕಡೆಯಿಂದ ಹತ್ತುವುದು ಪರವಾಗಿಲ್ಲ, ತಿರುವುಗಳು ಅಗಲ. ಹತ್ತುವಾಗ ಬ್ರೇಕಿನ ಕೆಲಸವೂ ಕಡಿಮೆ. ಆದರೆ ಒಂದೊಂದು ತಿರುವಿನಲ್ಲೂ ಚಕ್ರ ಪೂರ್ತಿ ತಿರುಗುತ್ತದೆ, ಒಂದೊಂದು ಸಲವೂ ಸಡಿಲವಾದ ಹೋಸು ಟೈರಿಗೆ ಉಜ್ಜುತ್ತದೆ. ನೆತ್ತಿ ದಾಟಿದ ಮೇಲೆ ಆಚೆ ಕಡೆ ಇಳಿಜಾರು ಕಡಿದು. ಆ ಹೊತ್ತಿಗೆ ರಬ್ಬರು ಎಷ್ಟು ಸವೆದಿರುತ್ತದೋ? ಹೋಸು ಒಡೆದರೆ ಎಣ್ಣೆಯೆಲ್ಲ ಚೆಲ್ಲಿ ಪೆಡಲು ಕಾಲಡಿಗೆ ಕುಸಿಯುತ್ತದೆ. ಉಳಿದ ಅರ್ಧ ಬ್ರೇಕಿನಲ್ಲಿ ಅನುಭವಸ್ಥರು ನಿಲ್ಲಿಸಬಹುದು. ಗೇಟಿನ ಕಂಬಕ್ಕೆ ಗುದ್ದಿದ ಮನುಷ್ಯ ನಿಲ್ಲಿಸಿಯಾರೇ?

"ಹೊರಡಿ" ಎಂದಳು.

ಅವರ ಹತ್ತಿರ ಒಂದು ಕಾರಿತ್ತು. ಕನ್ನಡಕದವರದೇ ಕಂಪನಿ, ಅದೇ ಮಾದರಿ, ಸ್ವಲ್ಪ ಹಳೆಯದು. ಕೊಂಡ ಮೇಲೆ ಡೆಂಟೆಲ್ಲ ತೆಗೆದು ಬೂದು ಬಣ್ಣದ ಪ್ರೈಮರ್ ಹೊಡೆದಿದ್ದರು. ಆಮೇಲೆ ಬೇರೆಯವರ ಕಾರುಗಳ ನಡುವೆ ಇದರ ಸರದಿ ಬಂದೇ ಇರಲಿಲ್ಲ. "ಊರಿಗೆಲ್ಲ ಬಣ್ಣ ಬಳಿಯೋನ ಕಾರು ನೋಡಿ, ಬೂದಿ ಬಳ್ಕೊಂಡ ಬೆಕ್ಕು" ಎಂದು ಅತ್ತೆ ಹೇಳುತ್ತಲೇ ಇದ್ದರು. ಈಗ ಅವರು ಮಗನ ಕೈಯಿಂದ ಇನ್ನೊಂದು ಫೋನು ಇಸಿದುಕೊಂಡು, "ನೀವು ಹೋಗಿ. ಆ ನಂಬರಿಗೆ ನಾನು ಮಾಡ್ತಾನೇ ಇರ್ತೀನಿ" ಎಂದರು.

ಡೆಂಟಕ್ಕ ಜಾಕು, ಪಾನಾಗಳು, ಬ್ರೇಕ್ ಎಣ್ಣೆಯ ಡಬ್ಬಿ, ಗಾಳಿ ತೆಗೆಯುವ ಸಣ್ಣ ಕೊಳವೆ ಎಲ್ಲವನ್ನೂ ಚೀಲಕ್ಕೆ ತುಂಬಿದಳು. ಕ್ಲಿಪ್ಪನ್ನು ಮಾತ್ರ ಮುಷ್ಟಿಯಲ್ಲೇ ಹಿಡಿದುಕೊಂಡಿದ್ದಳು. ಸ್ಟಿಯರಿಂಗ್ ಹಿಡಿಯುವಾಗ ಅದನ್ನು ಗಂಡನ ಕೈಗೆ ಕೊಟ್ಟು, "ಬೀಳಿಸಬೇಡಿ" ಎಂದಳು.

"ನಾನು ಬೀಳಿಸಲ್ಲ" ಎಂದ ಅವನು. ಆ 'ನಾನು' ಅವಳಿಗೆ ಚುಚ್ಚಿತು.

ಊರು ದಾಟುವವರೆಗೆ ಸಂತೆಗೆ ಬಂದ ಗಾಡಿಗಳು, ಶಾಲೆಯ ಬಸ್ಸು, ರಸ್ತೆ ಅಗೆಯುವವರು, ಎಲ್ಲರೂ ಇವತ್ತೇ ಅಡ್ಡ ಬಂದರು. ಗಂಡ ಆಗಾಗ ಫೋನು ಹಚ್ಚುತ್ತ, ಕೇಳಿ, ಇಳಿಸುತ್ತಿದ್ದ. ಹೊರದಾರಿಗೆ ಬಂದ ಮೇಲೆ ಅವನು ಬಾಯಿಬಿಟ್ಟ.

"ಸಿಕ್ಕಿದ್ರೆ ಏನಂತ ಹೇಳೋಣ?"

"ಏನಂತ ಹೇಳೋದು ಅಂದ್ರೆ?"

"ಅಲ್ಲ, ಹೊಸ ಬೆಸುಗೆ ಒಂದ್ಸಲ ಚೆಕ್ ಮಾಡೋಕೆ ಬಂದ್ವಿ ಅನ್ನೋಣ. ನಾವು ಹಾಗೆ ಮಾಡ್ತೀವಿ, ನಮ್ಮ ಪದ್ಧತಿ ಅಂತ. ನೀನು ಚಕ್ರ ತೆಗಿ, ಕ್ಲಿಪ್ ಹಾಕು, ಮುಗೀತು. ಅವರಿಗೂ ಹೆದರಿಕೆ ಇಲ್ಲ, ನಮಗೂ ಮರ್ಯಾದೆ."

"ಬೆಟ್ಟ ಹತ್ತಿ ಬೆಸುಗೆ ನೋಡೋಕೆ ಯಾರು ಹೋಗ್ತಾರೆ ರೀ? ಅವರೇನು ಎಳೆ ಮಗುವಾ?"

"ಹಾಗಾದ್ರೆ ಹೋಗಿ ಕಾಲಿಗೆ ಬೀಳು. ನಾಳೆಯಿಂದ ಶೆಡ್ಡಿಗೆ ನೊಣಾನೂ ಬರಲ್ಲ."

ಕನ್ನಡಕದವರ ಮಗಳು ಅವಳ ಕಣ್ಣ ಮುಂದೆ ಬಂದಿದ್ದಳು. ಕಾರು ಒಯ್ಯಲು ಅಪ್ಪನ ಜೊತೆ ಬಂದಿದ್ದ ಆ ಮಗು ಹೊಸ ಬಣ್ಣದಲ್ಲಿ ತನ್ನ ಮುಖ ನೋಡಿಕೊಂಡು ಹಲ್ಲು ಕಿಸಿದಿತ್ತು. ಮುಂದಿನ ಒಂದು ಹಲ್ಲು ಇರಲಿಲ್ಲ. ಅವಳು ಗೇರು ಬದಲಾಯಿಸಿದಳು.

ಬೆಟ್ಟ ಶುರುವಾಯಿತು. ಬೂದು ಕಾರು ಏದುಸಿರು ಬಿಡುತ್ತ ಹತ್ತಿತು. ಎದುರಿಗೆ ಬರುವ ಪ್ರತಿ ವಾಹನದ ಬಣ್ಣ ನೋಡುತ್ತ, ಪ್ರತಿ ತಿರುವಿನಲ್ಲೂ ರಸ್ತೆಯ ಮೇಲೆ ಎಣ್ಣೆಯ ಕಲೆ ಹುಡುಕುತ್ತ ಅವಳು ಓಡಿಸಿದಳು. ಒಂದು ಕಡೆ ಒದ್ದೆ ಕಲೆ ಕಂಡು ಬ್ರೇಕು ತುಳಿದಳು. ಗಂಡ ಇಳಿದು ಬೆರಳಿಗೆ ಮುಟ್ಟಿಸಿ ಮೂಸಿ, "ನೀರು. ಯಾವುದೋ ಎಸಿಯದ್ದು" ಎಂದ. ಆ ಬೆರಳನ್ನು ಅವನು ಮತ್ತೆ ಮತ್ತೆ ಮೂಸುತ್ತಿದ್ದದ್ದನ್ನು ಆಗ ಅವಳು ನೋಡಿದಳು. ಇಷ್ಟು ಹೊತ್ತು ಅವನಿಗೆ ಮರ್ಯಾದೆಯದ್ದೇ ಚಿಂತೆ ಎಂದು ಅಂದುಕೊಂಡಿದ್ದಳು.

ಇನ್ನೂ ಮೇಲೆ ಹೋದಾಗ ಗಾಡಿಗಳು ಸಾಲಾಗಿ ನಿಂತಿದ್ದವು. ಮುಂದಿನ ತಿರುವಿನಲ್ಲಿ ಜನ ಸೇರಿದ್ದರು. ತಡೆಗೋಡೆಯ ಮೇಲೆ ಬಗ್ಗಿ ಕೆಲವರು ಕೆಳಗೆ ನೋಡುತ್ತಿದ್ದರು.

ಡೆಂಟಕ್ಕ ಕಾರು ನಿಲ್ಲಿಸಿದಳು. ಬಾಗಿಲು ತೆರೆಯಲು ಹೋದರೆ ಹಿಡಿಕೆ ಸಿಗಲಿಲ್ಲ. ಗಂಡ, "ನೀನು ಕೂತಿರು, ಇಳೀಬೇಡ" ಎಂದು ಹೇಳಿ ಓಡಿದ. ಅವನ ಬೆನ್ನು ಜನರ ನಡುವೆ ಮರೆಯಾಯಿತು. ಅವಳು ಸ್ಟಿಯರಿಂಗಿಗೆ ಹಣೆ ಆನಿಸಿದಳು. ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದ? ಏನೂ ಅನ್ನುತ್ತಿರಲಿಲ್ಲ, ಮುಖ ತಿರುಗಿಸುತ್ತಿದ್ದ, ಅದೇ ಸಾಕಾಗುತ್ತಿತ್ತು. ಪಕ್ಕದ ಗಾಡಿಯವನು ಕಿಟಕಿಯಿಂದ, "ಏನಾಯ್ತಂತಕ್ಕಾ ಮುಂದೆ?" ಎಂದು ಕೇಳಿದ. ಅವಳು ಗೊತ್ತಿಲ್ಲವೆಂದು ತಲೆ ಅಲ್ಲಾಡಿಸಿದಳು.

ಗಂಡ ಓಡುತ್ತಲೇ ವಾಪಸು ಬಂದ. ದೂರದಿಂದಲೇ ಕೈ ಆಡಿಸಿ ಇಲ್ಲ, ಇಲ್ಲ ಎನ್ನುತ್ತಿದ್ದ.

"ಈರುಳ್ಳಿ ಲಾರಿ" ಎಂದ, ಉಸಿರು ಸಿಗದೆ. "ಹಗ್ಗ ಬಿಚ್ಚಿ ಮೂಟೆಗಳು ಕೆಳಗೆ ಉರುಳಿವೆ. ಯಾರಿಗೂ ಏನೂ ಆಗಿಲ್ಲ. ಬರೀ ಈರುಳ್ಳಿ."

ಅವಳಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಕಣ್ಣು ಒರೆಸಿಕೊಂಡಳು. ಮೂಟೆ ಸರಿಸಿ ದಾರಿ ಬಿಡುವವರೆಗೆ ಕಾಯಬೇಕಾಯಿತು. ಆ ಕಾಯುವುದು ಎಲ್ಲಕ್ಕಿಂತ ಕಷ್ಟವಾಯಿತು. ಕನ್ನಡಕದವರು ಈ ಲಾರಿಗಿಂತ ಮುಂಚೆಯೇ ದಾಟಿದ್ದರೆ? ನಿಂತ ಒಂದೊಂದು ಗಳಿಗೆಯೂ ಅವರನ್ನು ಇಳಿಜಾರಿನ ಹತ್ತಿರಕ್ಕೆ ತಳ್ಳುತ್ತಿತ್ತು. ಅತ್ತೆಯ ಫೋನು ಬಂತು. "ಆ ಫೋನಿನ ಹುಡುಗಿ ಹೇಳಿದ್ದೇ ಹೇಳ್ತಾಳೆ ಕಣೋ. ನಾನು ಬೈದೂ ನೋಡಿದೆ, ಬೇಡಿಯೂ ನೋಡಿದೆ" ಎಂದರು. ಆಮೇಲೆ ದನಿ ತಗ್ಗಿಸಿ, "ನಿನ್ನ ಹೆಂಡ್ತಿ ಊಟ ತಿಂಡಿ ಏನೂ ಮಾಡಿಲ್ಲ. ದಾರೀಲಿ ಏನಾದ್ರೂ ಕೊಡಿಸು" ಎಂದರು.

ಬೆಟ್ಟದ ನೆತ್ತಿಯಲ್ಲಿ ಒಂದು ಚಹಾದ ಗೂಡಂಗಡಿ. ಅಲ್ಲಿ ನಾಲ್ಕಾರು ಗಾಡಿಗಳು ನಿಂತಿದ್ದವು. ಬಿಸ್ಕತ್ತು ಬಣ್ಣದ್ದು ಯಾವುದೂ ಇರಲಿಲ್ಲ. ಡೆಂಟಕ್ಕ ಇಳಿಯದೆಯೇ ಕೂಗಿ ಕೇಳಿದಳು. ಅಂಗಡಿಯವನು ಗ್ಲಾಸು ತೊಳೆಯುತ್ತ, "ಅಜ್ಜಿ ಇದ್ದ ಕಾರಾ? ನಿಂಬೆಹಣ್ಣು ಇಸ್ಕೊಂಡು ಈಗ ತಾನೇ ಇಳಿದ್ರಲ್ಲ" ಎಂದು ಇಳಿಜಾರಿನ ಕಡೆ ಗದ್ದ ಎತ್ತಿದ.

ಈಗ ತಾನೇ. ಅವಳು ಕಾರನ್ನು ಇಳಿಜಾರಿಗೆ ಬಿಟ್ಟಳು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಮೊಣಕಾಲೆತ್ತರದ ಗೋಡೆ, ಅದರಾಚೆ ಬರೀ ಗಾಳಿ. ಗಂಡ ಒಂದು ಕೈಯಲ್ಲಿ ಬಾಗಿಲ ಮೇಲಿನ ಹಿಡಿಯನ್ನೂ ಇನ್ನೊಂದರಲ್ಲಿ ಕ್ಲಿಪ್ಪನ್ನೂ ಹಿಡಿದು, ಪ್ರತಿ ತಿರುವಿಗೂ "ನಿಧಾನ, ನಿಧಾನ ಕಣೇ" ಎನ್ನುತ್ತಿದ್ದ. ಮೊದಲ ತಿರುವಿನಲ್ಲಿ ಯಾರೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಅದರ ಮುಂದೆ ರಸ್ತೆ ಸ್ವಲ್ಪ ಅಗಲವಾದ ಕಡೆ ಬಂಡೆಗೆ ತಾಗಿಕೊಂಡು ಬಿಸ್ಕತ್ತು ಬಣ್ಣದ ಕಾರು ನಿಂತಿತ್ತು. ಬಾಗಿಲು ತೆರೆದಿತ್ತು. ಅಜ್ಜಿಯೊಬ್ಬರು ಚರಂಡಿಯ ಮೇಲೆ ಬಗ್ಗಿ ವಾಂತಿ ಮಾಡುತ್ತಿದ್ದರು. ಅವರ ಮಗಳು, ಕನ್ನಡಕದವರ ಹೆಂಡತಿ, ಬೆನ್ನು ನೀವುತ್ತಿದ್ದಳು. ಮುಂದಿನ ಹಲ್ಲಿಲ್ಲದ ಮಗು ನೀರಿನ ಬಾಟಲಿ ಹಿಡಿದು ಮೂಗು ಮುಚ್ಚಿಕೊಂಡು ನಿಂತಿತ್ತು.

ಡೆಂಟಕ್ಕನಿಗೆ ಆ ವಾಂತಿ ಮಾಡುವ ಅಜ್ಜಿಯನ್ನು ತಬ್ಬಿಕೊಳ್ಳಬೇಕೆನ್ನಿಸಿತು.

ಕನ್ನಡಕದವರು ಇವರನ್ನು ಗುರುತು ಹಿಡಿದು ಹುಬ್ಬೇರಿಸಿದರು. "ಇದೇನ್ರೀ, ನೀವು ಇಲ್ಲಿ! ನಾವೇನಾದ್ರೂ ಬಿಟ್ಟು ಬಂದಿದ್ವಾ? ಕೊಡೋಕೆ ಇಷ್ಟು ದೂರ ಬಂದ್ರಾ?"

ಗಂಡ ಬಾಯಿ ತೆರೆದ. ಅವನಿಗಿಂತ ಮುಂಚೆ ಅವಳೇ ಮಾತಾಡಿದಳು.

"ನಾನು ಬಿಟ್ಟಿದ್ದು ಸಾರ್. ನಿಮ್ಮ ಕಾರಿನ ಬ್ರೇಕಿನ ಕ್ಲಿಪ್ಪು. ಹಾಕೋಕೆ ಮರೆತೆ. ದಯವಿಟ್ಟು ಕಾರು ಇನ್ನೊಂದು ಹೆಜ್ಜೆ ಮುಂದೆ ಹೋಗೋದು ಬೇಡ. ಮಗೂನ ಈ ಕಡೆ ಕರ್ಕೊಳ್ಳಿ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವಳು ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕು ಏರಿಸಿ, ಮುಂದಿನ ಬಲಚಕ್ರ ಕಳಚಿದ್ದಳು. ಫೋನಿನ ಬೆಳಕು ಹಿಡಿದು ನೋಡಿದಳು. ಹೋಸು ತನ್ನ ತೋಡಿನಿಂದ ಜಾರಿ ಹೊರಗೆ ನೇತಾಡುತ್ತಿತ್ತು. ಟೈರಿಗೆ ಉಜ್ಜಿದ ಕಡೆ ಹೊರಗಿನ ರಬ್ಬರು ಪೂರ್ತಿ ಹೋಗಿ ಒಳಗಿನ ಬಿಳಿಯ ನೂಲು ಕಾಣುತ್ತಿತ್ತು. ಬೆರಳಿಟ್ಟರೆ ನೂಲು ಎಣ್ಣೆ ಜಿನುಗಿ ಒದ್ದೆ. ಗಂಡ ಅವಳ ಭುಜದ ಮೇಲಿಂದ ಬಗ್ಗಿ ನೋಡಿ, ಹಿಂದಕ್ಕೆ ಸರಿದು ಗೋಡೆಯ ಮೇಲೆ ಕೂತ.

"ಬನ್ನಿ ಸಾರ್, ನೀವೂ ನೋಡಿ" ಎಂದಳು ಡೆಂಟಕ್ಕ.

ಕನ್ನಡಕದವರು ಮೊಣಕಾಲೂರಿ ನೋಡಿದರು. ದಿನವಿಡೀ ಸಣ್ಣ ಸ್ಕ್ರೂಗಳನ್ನು ನೋಡುವ ಕಣ್ಣು ಅವರದು. ಬಹಳ ಹೊತ್ತು ನೋಡಿದರು. ಎದ್ದು ಮಗುವಿನ ಕಡೆ ತಿರುಗಿದರು.

"ಹಿಂದಿನ ಸೀಟಲ್ಲಿ ನನ್ನ ಮಗು ಕೂತಿತ್ತು" ಎಂದರು.

"ಹೌದು ಸಾರ್."

"ಹೌದು ಅಂತೀರಲ್ಲ! ಹೌದು ಅಂದ್ರೆ ಏನ್ರೀ? ನಂಬಿ ತಾನೇ ಕೊಟ್ಟಿದ್ದು? ಹೊಳಪು ನೋಡಿ ನಾವು ಖುಷಿಪಟ್ಟಿದ್ದು! ಮೇಲೆ ಬಣ್ಣ, ಒಳಗೆ ಇದು!" ಅವರು ಬಾಯಿಗೆ ಬಂದಂತೆ ಕೂಗಿದರು. ದನಿ ಬಂಡೆಗೆ ಬಡಿದು ವಾಪಸು ಬರುತ್ತಿತ್ತು. ಮಗು ಅಮ್ಮನ ಹಿಂದೆ ಅವಿತುಕೊಂಡಿತು. ಗಂಡ ಎದ್ದು, "ಅವಳನ್ನೊಬ್ಬಳನ್ನೇ ಅನ್ನಬೇಡಿ ಸಾರ್, ಬೇಗ ಬೇಗ ಅಂತ ಅವಸರ ಮಾಡಿದ್ದು ನಾನು" ಎಂದ. "ನೀವು ಸುಮ್ನಿರಿ!" ಎಂದು ಅವರು ಅವನ ಮೇಲೂ ಹಾರಿದರು. ಡೆಂಟಕ್ಕ ತಲೆ ತಗ್ಗಿಸಿ ನಿಂತಿದ್ದಳು. ಸಮಜಾಯಿಷಿ ಹೇಳಲು ಗಾಳಿಯಂತ್ರದ ಕೊಳವೆ, ಕಿವಿಯ ರಕ್ತ ಎಲ್ಲ ಇತ್ತು. ಅದನ್ನು ಹೇಳುವ ಮುಖ ಅವಳಿಗಿರಲಿಲ್ಲ.

ಕೊನೆಗೆ ಅಜ್ಜಿಯೇ ಸೆರಗಿನಲ್ಲಿ ಬಾಯೊರೆಸಿಕೊಂಡು ನಡುವೆ ಬಂದರು. "ಕೂಗಿದ್ದು ಸಾಕು ಅಳಿಯಂದಿರೇ. ಈಗ ಮುಂದೇನು ಅಂತ ಅವಳನ್ನ ಕೇಳಿ."

ಆ ಹೋಸು ಇನ್ನು ಕೆಲಸಕ್ಕೆ ಬಾರದು. ಕೆಳಗಿನ ಊರಿನಿಂದ ಹೊಸದು ತರುವುದೆಂದರೆ ಸಂಜೆಯಾಗುತ್ತದೆ. ಡೆಂಟಕ್ಕ ತಿರುಗಿ ತಮ್ಮ ಬೂದು ಕಾರನ್ನು ನೋಡಿದಳು. ಕಳೆದ ಚಳಿಗಾಲದಲ್ಲಿ ಅದಕ್ಕೆ ಹೊಸ ಹೋಸು ಹಾಕಿದ್ದಳು. ಎರಡೂ ಒಂದೇ ಮಾದರಿ, ಸರಿಯಾಗಿ ಕೂರುತ್ತದೆ.

"ನಮ್ಮ ಕಾರಿಂದು ಬಿಚ್ಚಿ ನಿಮ್ಮದಕ್ಕೆ ಹಾಕ್ತೀನಿ" ಎಂದಳು. "ನೀವು ಪಕ್ಕದಲ್ಲೇ ಕೂತು ನೋಡಿ. ಅನುಮಾನ ಬಂದ ಕಡೆ ಕೇಳಿ."

ಅವರು ನಿಜವಾಗಿಯೂ ಪಕ್ಕದಲ್ಲೇ ಕೂತರು. ಅವಳು ಕೇಳುವ ಮೊದಲೇ ಗಂಡ ಬೇಕಾದದ್ದನ್ನು ಕೈಗೆ ಕೊಡುತ್ತಿದ್ದ. ಹೋಸು ಕೂತಿತು, ನಟ್ಟು ಬಿಗಿಯಾಯಿತು. ಕ್ಲಿಪ್ಪು ಹಾಕುವ ಹೊತ್ತಿಗೆ ಕನ್ನಡಕದವರು, "ತಡೀರಿ" ಎಂದರು. ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ ವಾಪಸು ಕೊಟ್ಟರು. ಅವಳು ಕೂರಿಸಿ ತಟ್ಟಿದಳು. ಅವರು ಬೆರಳು ಹಾಕಿ ಎಳೆದು ನೋಡಿದರು. ಅವರ ಬೆರಳಿಗೆ ಮಸಿ ಹತ್ತಿತು.

ಆಮೇಲೆ ಬ್ರೇಕಿನ ಗಾಳಿ ತೆಗೆದರು. ಗಂಡ ಒಳಗೆ ಕೂತು ಪೆಡಲು ತುಳಿದ. "ಒತ್ತಿ... ಹಿಡ್ಕೊಳ್ಳಿ... ಬಿಡಿ" ಎಂದು ಅವಳು ಕೆಳಗಿನಿಂದ ಹೇಳುತ್ತಿದ್ದಳು. ಗುಳ್ಳೆ ನಿಂತು ಎಣ್ಣೆ ತಿಳಿಯಾಗಿ ಬರುವವರೆಗೆ ಮಾಡಿದರು. ಮುಗಿದ ಮೇಲೂ ಅವಳು ಇನ್ನೊಮ್ಮೆ ಮಾಡಿಸಿದಳು. ಸ್ಟಿಯರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ ಹೋಸು ಎಲ್ಲಿಯೂ ತಾಗದ್ದನ್ನು ಅವರಿಗೆ ತೋರಿಸಿ, ಚಕ್ರ ಹಾಕಿದಳು.

"ಆಯ್ತು ಸಾರ್. ಇನ್ನು ಹೊರಡಬಹುದು."

ಕನ್ನಡಕದವರು ಕೀಲಿ ಕೈಯಲ್ಲಿ ಹಿಡಿದು ಕಾರನ್ನೂ ಕೆಳಗಿನ ರಸ್ತೆಯನ್ನೂ ನೋಡಿದರು. ರಸ್ತೆ ಹಲವು ಮಡಿಕೆಯಾಗಿ ಮರಗಳ ನಡುವೆ ಇಳಿದು ಹೋಗಿತ್ತು.

"ನನಗೆ ಧೈರ್ಯ ಇಲ್ಲ" ಎಂದರು. ಸಿಟ್ಟೆಲ್ಲ ಇಳಿದು ದನಿ ಸಪ್ಪೆಯಾಗಿತ್ತು. "ನೀವೇ ಇಳಿಸಿ. ನಿಮ್ಮ ಕೆಲಸದ ಮೇಲೆ ನಿಮಗೆ ನಂಬಿಕೆ ಇದ್ರೆ, ನಮ್ಮನ್ನ ಕೂರಿಸಿಕೊಂಡು ನೀವೇ ಕೆಳಗಿನವರೆಗೆ ಓಡಿಸಿ."

ಡೆಂಟಕ್ಕ ಗಂಡನ ಕಡೆ ನೋಡಿದಳು. ಅವನು, "ಹೋಗು. ನಾನು ಇಲ್ಲಿ ನಮ್ಮ ಕಾರಿನ ಹತ್ತಿರ ಇರ್ತೀನಿ" ಎಂದ. ಆಮೇಲೆ ಹತ್ತಿರ ಬಂದು ಮೆಲ್ಲಗೆ, "ಗಟ್ಟಿ ಕೂತಿದೆ ಕಣೇ. ನಾನೂ ನೋಡಿದೀನಿ" ಎಂದ.

ಅಜ್ಜಿ ಮುಂದಿನ ಸೀಟಿನಲ್ಲಿ, ಉಳಿದ ಮೂವರು ಹಿಂದೆ. ಕನ್ನಡಿಯಲ್ಲಿ ಮಗುವಿನ ಮುಖ ಕಾಣುತ್ತಿತ್ತು. ಅವಳು ಕನ್ನಡಿಯನ್ನು ಸ್ವಲ್ಪ ತಿರುಗಿಸಿಕೊಂಡಳು. ಎರಡನೇ ಗೇರಿನಲ್ಲಿ, ಎಂಜಿನ್ನಿನ ಹಿಡಿತದಲ್ಲೇ ಇಳಿಸಿದಳು. ಮೊದಲ ತಿರುವಿಗೆ ಪೆಡಲು ಮುಟ್ಟಿದಳು. ಪೆಡಲು ನಿಂತಿತು. ಕಾರೂ ನಿಧಾನವಾಯಿತು. ಹಿಂದೆ ಯಾರೋ ಉಸಿರು ಬಿಟ್ಟರು. ಮುಂದಿನ ತಿರುವು, ಅದರ ಮುಂದಿನದು. ಪ್ರತಿ ಸಲವೂ ಪೆಡಲು ಈಗ ಕುಸಿಯುತ್ತದೆ, ಈಗ ಕುಸಿಯುತ್ತದೆ ಎಂದು ಮನಸ್ಸು ಹೇಳುತ್ತಿತ್ತು. ಕೈಯ ಬೆವರಿಗೆ ಸ್ಟಿಯರಿಂಗು ಜಾರುತ್ತಿತ್ತು. ಒಂದೊಂದೇ ಕೈಯನ್ನು ಸೀರೆಗೆ ಒರೆಸಿಕೊಂಡಳು.

"ಹೆಣ್ಣುಮಗಳು ಸುತ್ತಿಗೆ ಹಿಡೀತೀಯಲ್ಲ, ಕೈ ನೋಯಲ್ವಾ?" ಎಂದರು ಅಜ್ಜಿ ಇದ್ದಕ್ಕಿದ್ದಂತೆ.

"ನೋಯುತ್ತೆ ಅಜ್ಜಿ. ಚಳಿಗಾಲದಲ್ಲಿ ಜಾಸ್ತಿ."

"ಸಾಸಿವೆ ಎಣ್ಣೆ ಬಿಸಿ ಮಾಡಿ ಹಚ್ಚು. ಆ ತಿರುವಿಗೆ ನಿಧಾನ, ನನ್ನ ಹೊಟ್ಟೆ ಇನ್ನೂ ನೆಟ್ಟಗಾಗಿಲ್ಲ."

ಅರ್ಧ ಇಳಿದ ಮೇಲೆ ಅವಳು ತಾನಾಗಿಯೇ ಪಕ್ಕಕ್ಕೆ ನಿಲ್ಲಿಸಿದಳು. ಇಳಿದು ಚಕ್ರದ ಹಿಂದೆ ಬೆಳಕು ಹಿಡಿದಳು. ಕನ್ನಡಕದವರೂ ಇಳಿದು ಪಕ್ಕದಲ್ಲಿ ಬಗ್ಗಿದರು. ಹೋಸು ಇದ್ದಲ್ಲೇ ಇತ್ತು, ಒಣಗಿತ್ತು. ಇಬ್ಬರೂ ಮತ್ತೆ ಹತ್ತಿದರು. ಇನ್ನೂ ಕೆಳಗೆ ಇನ್ನೊಮ್ಮೆ ಹಾಗೇ ಮಾಡಿದರು. ಆಗ ಮಗು ಕಿಟಕಿಯಿಂದ ತಲೆ ಹಾಕಿ, "ಅಪ್ಪಾ, ನೀವಿಬ್ಬರೂ ಅಲ್ಲಿ ಏನು ಬಚ್ಚಿಟ್ಟಿದೀರಿ?" ಎಂದಿತು. ಅದರ ಅಮ್ಮ ಮೊದಲ ಸಲ ಸಣ್ಣಗೆ ನಕ್ಕಳು.

ಬೆಟ್ಟದ ಬುಡದಲ್ಲಿ ರಸ್ತೆ ಸಮವಾಗಿ, ಎರಡೂ ಕಡೆ ಅಂಗಡಿಗಳು ಶುರುವಾದವು. ಅವಳು ಕಾರು ನಿಲ್ಲಿಸಿ ಕೀಲಿ ತೆಗೆದು ಕೊಟ್ಟಳು. ಇಳಿದು ಬಾಗಿಲು ಹಿಡಿದುಕೊಂಡಳು.

ಕನ್ನಡಕದವರು ಕೀಲಿಯನ್ನು ಕೈಯಲ್ಲಿ ತಿರುಗಿಸಿದರು. "ಥ್ಯಾಂಕ್ಸ್ ಹೇಳ್ಬೇಕೋ, ಬೈಬೇಕೋ ನನಗೆ ಗೊತ್ತಾಗ್ತಿಲ್ಲ" ಎಂದರು ಕೊನೆಗೆ. "ಬೈದಿದ್ದಾಯ್ತು. ಇನ್ನೊಂದು ಇವತ್ತು ಬೇಡ." ಕಾರು ಹತ್ತಿ ಹೊರಟರು. ಅಜ್ಜಿ ಕಿಟಕಿಯಿಂದ ಕೈ ಬೀಸಿದರು.

ಡೆಂಟಕ್ಕ ಕೆಳಗಿನ ಊರಿನಲ್ಲಿ ಹೊಸ ಹೋಸು ಹುಡುಕಿ ಕೊಂಡು, ಮೇಲೆ ಹೋಗುವ ಬಸ್ಸು ಹಿಡಿದು ಬಂದಾಗ ಬಿಸಿಲು ಇಳಿದಿತ್ತು. ಗಂಡ ಬೂದು ಕಾರಿನ ಬಾನೆಟ್ಟಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಕಾಗದದಲ್ಲಿ ಸುತ್ತಿದ ಬನ್ನು ಇತ್ತು. ಗೂಡಂಗಡಿಗೆ ನಡೆದು ಹೋಗಿ ತಂದಿದ್ದ. "ಅಮ್ಮನ ಆರ್ಡರು" ಎಂದು ಅವಳ ಕೈಗೆ ಕೊಟ್ಟ. ಅವಳು ಮೊದಲ ತುತ್ತು ಬಾಯಿಗಿಟ್ಟ ಮೇಲೆ ಅಳಲು ಶುರು ಮಾಡಿದಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟುಕೊಂಡು ಕೂತ.

ಸುದ್ದಿ ಹರಡದೆ ಇರಲಿಲ್ಲ. ಕನ್ನಡಕದವರು ಊರಿಗೆ ವಾಪಸು ಬಂದವರೇ ಕಾರನ್ನು ಇನ್ನೊಂದು ಗ್ಯಾರೇಜಿಗೆ ಒಯ್ದು ಪೂರ್ತಿ ತಪಾಸಣೆ ಮಾಡಿಸಿದರು. ಅಲ್ಲಿಯವರು ನಾಲ್ಕು ಜನಕ್ಕೆ ಹೇಳಿದರು. ಕೆಲವು ದಿನ ಶೆಡ್ಡು ಖಾಲಿ ಹೊಡೆಯಿತು. ಬೀಗದವನು, "ಯಾಕೆ ಹೇಳೋಕೆ ಹೋದ್ರಿ? ಸುಮ್ನೆ ಹಾಕಿ ಬರಬಹುದಿತ್ತಲ್ಲ" ಎಂದು ಬುದ್ಧಿ ಹೇಳಿ ಹೋದ. ಗಂಡ ಅವನಿಗೆ, "ಅವಳ ಜಾಗದಲ್ಲಿ ನಾನಿದ್ದಿದ್ರೆ ಹಾಗೇ ಮಾಡ್ತಿದ್ದೆ. ಅದಕ್ಕೇ ದೇವರು ನನ್ನ ಕೈಗೆ ಬರೀ ಬಣ್ಣ ಕೊಟ್ಟಿದ್ದು" ಎಂದ.

ಡೆಂಟಕ್ಕನಿಗೆ ಬೇರೆಯದೇ ಕಷ್ಟ ಶುರುವಾಗಿತ್ತು. ಮುಗಿಸಿದ ಕೆಲಸವನ್ನು ಕೈ ಬಿಡುತ್ತಿರಲಿಲ್ಲ. ಚಕ್ರ ಹಾಕಿ ಬಿಗಿ ಮಾಡಿ, ಮತ್ತೆ ಕಳಚಿ ನೋಡುತ್ತಿದ್ದಳು. ಊಟದ ನಡುವೆ ಎದ್ದು ಹೋಗಿ ಬಾನೆಟ್ಟಿನ ಕೊಂಡಿ ಎಳೆದು ಬರುತ್ತಿದ್ದಳು. ಅತ್ತೆ ನೋಡಿಯೂ ನೋಡದಂತೆ ಇರುತ್ತಿದ್ದರು. ಒಂದು ದಿನ ಮಾತ್ರ ತಟ್ಟೆಯ ಮುಂದೆ, "ಅನ್ನ ಆರುತ್ತೆ. ಕಾರು ಎಲ್ಲೂ ಓಡಿ ಹೋಗಲ್ಲ" ಎಂದರು.

ಹಾಗಿರುವಾಗ ಒಂದು ಮಧ್ಯಾಹ್ನ ಬಿಸ್ಕತ್ತು ಬಣ್ಣದ ಕಾರು ಶೆಡ್ಡಿನ ಮುಂದೆ ಬಂದು ನಿಂತಿತು. ಇಳಿದದ್ದು ಕನ್ನಡಕದವರ ಹೆಂಡತಿ. ಹಿಂದಿನ ಬಾಗಿಲಿಗೆ ಯಾವುದೋ ಸ್ಕೂಟರು ತಾಗಿ ಉದ್ದಕ್ಕೆ ತಗ್ಗು ಬಿದ್ದಿತ್ತು.

ಡೆಂಟಕ್ಕ ಎದ್ದು ನಿಂತಳು. ಕೈಯನ್ನು ಬಟ್ಟೆಗೆ ಒರೆಸಿದಳು, ಮತ್ತೆ ಒರೆಸಿದಳು.

"ಇಲ್ಲಿಗೆ ಬರ್ತಿರೋದು ಅವರಿಗೆ ಗೊತ್ತು" ಎಂದಳು ಆ ಹೆಣ್ಣುಮಗಳು. "ಬೇರೆ ಕಡೆ ಕೇಳಿದ್ವಿ. ಬಾಗಿಲೇ ಬದಲಾಯಿಸಬೇಕು ಅಂದ್ರು. ನಿಜಾನೋ ಸುಳ್ಳೋ ನಮಗೆ ಹೇಗೆ ಗೊತ್ತಾಗುತ್ತೆ? ನೀವು ಸುಳ್ಳು ಹೇಳಲ್ಲ ಅಂತ ಅವರೇ ಕಳಿಸಿದ್ರು. ಆದ್ರೆ ನಾನು ಇಲ್ಲೇ ಕೂತು ನೋಡ್ತೀನಿ. ಬೇಜಾರು ಮಾಡ್ಕೋಬೇಡಿ."

"ಇಲ್ಲ, ಇಲ್ಲ. ಕೂತ್ಕೊಳ್ಳಿ. ಕೂತ್ಕೊಂಡ್ರೆ ನನಗೇ ಒಳ್ಳೇದು."

ಅವಳು ತನ್ನ ಸ್ಟೂಲನ್ನೇ ಒರೆಸಿ ಕೊಟ್ಟಳು. ಬಾಗಿಲ ಮೇಲೆ ಅಂಗೈಯಿಟ್ಟು ತಗ್ಗಿನ ಉದ್ದಕ್ಕೂ ನಿಧಾನವಾಗಿ ಸವರಿದಳು. ಬದಲಾಯಿಸುವುದೇನೂ ಬೇಕಿರಲಿಲ್ಲ. ತಗಡು ಹಿಗ್ಗಿರಲಿಲ್ಲ, ಬರೀ ಮಡಿಸಿಕೊಂಡಿತ್ತು. ಹಾಗೆಂದು ಹೇಳಿ, ಒಳಗಿನ ಹಲಗೆ ಬಿಚ್ಚಿ, ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಬಂದವಳ ಮಡಿಲಿನ ಪಕ್ಕದಲ್ಲಿದ್ದ ತಟ್ಟೆಯಲ್ಲಿಟ್ಟಳು. ತಟ್ಟೆಯಲ್ಲಿದ್ದ ಸ್ಕ್ರೂಗಳನ್ನು ಎಣಿಸಿದಳು. ಆಮೇಲೆ ಸುತ್ತಿಗೆ ಎತ್ತಿಕೊಂಡು, ಅಂಚಿನ ಕಡೆಯಿಂದ ಮೆಲ್ಲಗೆ ತಟ್ಟಲು ಶುರು ಮಾಡಿದಳು.